ಕೂಲರ್ ಓಡುತ್ತಿದ್ದ ಕೋಣೆಯಲ್ಲೇ ಹೀಟ್ ಸ್ಟ್ರೋಕ್: ಕಲಬುರಗಿಯ ಒಂದು ಪಗ್ ನಾಯಿಯ ಪ್ರಕರಣ

ಹೆಸರು ಗುಂಡ. ಪಗ್ ತಳಿ, ಗಂಡು, ಆರು ವರ್ಷ, ತೂಕ 12 ಕೆಜಿ. ಊರು ಕಲಬುರಗಿ, ಮೇ ತಿಂಗಳು, ಹೊರಗೆ 42 ಡಿಗ್ರಿ. ಅವತ್ತು ಗುಂಡ ಬಿಸಿಲಿಗೆ ಕಾಲೇ ಇಟ್ಟಿರಲಿಲ್ಲ. ಮನೆಯೊಳಗೆ, ನೆರಳಲ್ಲಿ, ಕೂಲರ್ ಮುಂದೆ ಮಲಗಿದ್ದ. ಆದರೂ ಸಂಜೆ ಐದರ ಹೊತ್ತಿಗೆ ಸಾವಿನ ಬಾಗಿಲಿಗೆ ಹೋಗಿದ್ದ.

ಇದನ್ನು ಬರೆಯಲು ಕಾರಣ ಅದೇ. ಬೇಸಿಗೆಯಲ್ಲಿ ನಾಯಿಯನ್ನು ಹೊರಗೆ ಬಿಡದಿದ್ದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ನಾನು ಪಶುವೈದ್ಯ, ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಅತಿ ಕಾಳಜಿಯವರೇ ಹೀಗೆ ನಂಬುವುದು ಜಾಸ್ತಿ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರ ಹೆಸರು, ಬಡಾವಣೆ ಬೇಡ.

ಮನೆ ಹೇಗಿದೆ ಅಂತ ಮೊದಲು ಹೇಳಬೇಕು, ಯಾಕಂದ್ರೆ ಅರ್ಧ ರೋಗ ಅಲ್ಲೇ ಇದೆ. ಕೆಳಗಿನದು ಹಳೆಯ ಭಾಗ. ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಪರಸಿ, ಅಂದರೆ ಚಪ್ಪಡಿ ಕಲ್ಲು. ಮೇಲೆ ಇತ್ತೀಚೆಗೆ ಕಟ್ಟಿಸಿದ ಆರ್‌ಸಿಸಿ ಕೋಣೆ. ಅದಕ್ಕೆ ಪಶ್ಚಿಮಕ್ಕೊಂದು, ಉತ್ತರಕ್ಕೊಂದು ಕಿಟಕಿ. ಸ್ಲ್ಯಾಬ್ ಮೇಲೆ ಸುಣ್ಣವೂ ಇಲ್ಲ, ಚಪ್ಪರವೂ ಇಲ್ಲ. ಗುಂಡ ಇರುವುದು ಮೇಲೆ, ಯಾಕಂದ್ರೆ ಕೂಲರ್ ಇರುವುದು ಅಲ್ಲಿ. ಕೂಲರ್ ಚಕ್ರದ್ದು, ಎಲ್ಲಿ ಬೇಕಾದ್ರೂ ತಳ್ಳಬಹುದು. ಅದನ್ನು ಕೋಣೆಯ ನಡುವೆ ಇಟ್ಟು, ಎದುರಿಗೆ ಗುಂಡನ ಫೋಮ್ ಹಾಸಿಗೆ ಹಾಕಿದ್ದರು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳ ಸಮಯವೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30. ಹಾಗಾಗಿ ಮನೆಯ ಯಜಮಾನರು ದಿನಾ ಮಧ್ಯಾಹ್ನ ಮನೆಯಲ್ಲೇ ಇರುತ್ತಾರೆ, ಕೋಣೆಯ ಬಾಗಿಲು ತೆಗೆದು ಹಾಕಿ ನಡೆದೇ ಇರುತ್ತದೆ. ಅವತ್ತು ಮದುವೆ ಇತ್ತು. ರಜೆ ಹಾಕಿ ಹನ್ನೊಂದೂವರೆಗೆ ಎಲ್ಲರೂ ಹೊರಟರು. ಕೂಲರ್ ತೊಟ್ಟಿ ತುಂಬಿಸಿದರು, ಬಟ್ಟಲಿಗೆ ನೀರಿಟ್ಟರು. ತಂಪು ಹೊರಗೆ ಹೋಗಬಾರದು ಅಂತ ಎರಡೂ ಕಿಟಕಿ ಮುಚ್ಚಿ, ಬಾಗಿಲು ಎಳೆದುಕೊಂಡು ಹೋದರು. ಕೆಳಗೆ ಅಜ್ಜಿ ಒಬ್ಬರೇ.

ಏಸಿಗೆ ಬಾಗಿಲು ಮುಚ್ಚಬೇಕು. ಕೂಲರ್‌ಗೆ ಮುಚ್ಚಬಾರದು. ಕೂಲರ್ ಗಾಳಿಯನ್ನು ತಂಪು ಮಾಡುವುದು ನೀರನ್ನು ಆವಿ ಮಾಡಿ. ಹೊರಗಿನ ಒಣ ಗಾಳಿಯನ್ನು ಒದ್ದೆ ಪ್ಯಾಡ್ ಮೂಲಕ ಎಳೆಯುವಾಗ ನೀರು ಆವಿಯಾಗುತ್ತದೆ, ಆವಿಯಾಗುವಾಗ ಗಾಳಿಯ ಶಾಖ ಹೀರುತ್ತದೆ. ಕಲಬುರಗಿಯ ಒಣ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಯಂತ್ರ ಇಲ್ಲ, ಕರೆಂಟ್ ಬಿಲ್ಲೂ ಕಡಿಮೆ. ಆದರೆ ಕೋಣೆ ಮುಚ್ಚಿದರೆ ಅದು ಎಳೆಯುವುದು ತಾನೇ ಬಿಟ್ಟ ಒದ್ದೆ ಗಾಳಿಯನ್ನು. ಸ್ವಲ್ಪ ಹೊತ್ತಿಗೆ ಆ ಗಾಳಿ ಇನ್ನಷ್ಟು ತೇವ ಹಿಡಿಯಲಾರದೆ ನಿಲ್ಲುತ್ತದೆ, ತಂಪಾಗುವುದೂ ಅಲ್ಲಿಗೇ ನಿಲ್ಲುತ್ತದೆ, ಮೇಲಿಂದ ಕಾದ ಸ್ಲ್ಯಾಬ್ ಮಾತ್ರ ಶಾಖ ಇಳಿಸುತ್ತಲೇ ಇರುತ್ತದೆ. ಮನುಷ್ಯರಾದರೆ ಮೈ ಅಂಟಂಟು ಅಂತ ಎದ್ದು ಕಿಟಕಿ ತೆಗೆಯುತ್ತಾರೆ.

ನಾಯಿ ಕೂಡ ತನ್ನ ಮೈ ತಂಪು ಮಾಡಿಕೊಳ್ಳುವುದು ಇದೇ ರೀತಿ. ಅದಕ್ಕೆ ನಮ್ಮ ಹಾಗೆ ಮೈತುಂಬ ಬೆವರು ಬರುವುದಿಲ್ಲ, ಪಾದದ ಅಡಿಯಲ್ಲಿ ಒಂದಿಷ್ಟು ಬಂದರೆ ಬಂತು. ಉಳಿದದ್ದು ಹೆಚ್ಚಾಗಿ ತೇಕುವುದರಿಂದ. ನಾಲಿಗೆ, ಬಾಯಿ, ಮೂಗಿನ ಒಳಭಾಗದ ತೇವ ಆರಬೇಕು, ಆಗ ಒಳಗಿನ ರಕ್ತ ತಂಪಾಗುತ್ತದೆ. ಸುತ್ತಲಿನ ಗಾಳಿಯೇ ಒದ್ದೆಯಾಗಿದ್ದರೆ ಎಷ್ಟು ತೇಕಿದರೂ ಏನೂ ಆರುವುದಿಲ್ಲ. ಅಂದರೆ ಆ ಕೋಣೆಯಲ್ಲಿ ಎರಡು ಕೂಲರ್ ಇದ್ದವು, ಯಂತ್ರದ್ದೊಂದು, ಗುಂಡನದ್ದೊಂದು. ಎರಡೂ ಒಂದೇ ಕಾರಣಕ್ಕೆ ಕೈಕೊಟ್ಟವು.

ಅದರ ಮೇಲೆ ಪಗ್. ಮೂತಿ ಗಿಡ್ಡ, ಮೂಗಿನ ಹೊಳ್ಳೆ ಸೀಳಿದ ಗೆರೆಯಷ್ಟು, ಗಂಟಲಲ್ಲಿ ಅಂಗುಳ ಉದ್ದವಾಗಿ ಜೋತು ಬಿದ್ದಿರುತ್ತದೆ. ತೇಕುವುದೇ ಅದಕ್ಕೆ ದೊಡ್ಡ ಕೆಲಸ, ಆ ಕೆಲಸದಿಂದಲೇ ಇನ್ನಷ್ಟು ಕಾವು ಹುಟ್ಟುತ್ತದೆ, ಜೋರಾಗಿ ಎಳೆದಷ್ಟೂ ಗಂಟಲು ಬಾತು ದಾರಿ ಇನ್ನೂ ಕಿರಿದಾಗುತ್ತದೆ. ಬ್ರಿಟನ್ನಿನ ರಾಯಲ್ ವೆಟರಿನರಿ ಕಾಲೇಜು ಮತ್ತು ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು 9 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲ್ಯಾಬ್ರಡಾರ್‌ಗೆ ಹೋಲಿಸಿದರೆ ಪಗ್‌ಗೆ ಕಾವಿನ ಕಾಯಿಲೆ ಬರುವ ಸಂಭವ ಸುಮಾರು 3 ಪಟ್ಟು, ಬುಲ್‌ಡಾಗ್‌ಗೆ ಸುಮಾರು 14 ಪಟ್ಟು ಅಂತ ಅದರಲ್ಲಿದೆ. ಕಾಯಿಲೆ ಬಿದ್ದ ಏಳರಲ್ಲಿ ಒಂದು ನಾಯಿ ಸತ್ತಿತ್ತು. ಅದು ಬ್ರಿಟನ್ನಿನ ಹವೆ. ನಮ್ಮದು ಕಲಬುರಗಿ.

ಗುಂಡನ ತೂಕವನ್ನೂ ಮರೆಯಬಾರದು. ಪಗ್ ಆರರಿಂದ ಎಂಟು ಕೆಜಿ ಇದ್ದರೆ ಚೆನ್ನ. ಇವನು ಹನ್ನೆರಡು. ಕುತ್ತಿಗೆ, ಎದೆ ಎಲ್ಲ ಕೊಬ್ಬು. ಮನೆಯವರೆಲ್ಲ ಚಪಾತಿ ತುಂಡು ಹಾಕುವವರೇ.

ಮಧ್ಯಾಹ್ನ ಎರಡು ಸಲ ಕರೆಂಟ್ ಹೋಯಿತು. ಇನ್ವರ್ಟರ್ ಮೇಲೆ ಕೂಲರ್ ಇರಲಿಲ್ಲ, ಸೀಲಿಂಗ್ ಫ್ಯಾನ್ ಮೊದಲೇ ಬಂದ್ ಮಾಡಿ ಹೋಗಿದ್ದರು. ಹಾಗಾಗಿ ಇದ್ದ ಗಾಳಿಯೂ ನಿಂತಿತು. ಅಜ್ಜಿಗೆ ಮೆಟ್ಟಿಲ ಹತ್ತಿರ ಜೋರು ಗೊರಕೆ ಕೇಳಿದೆ. ಗುಂಡ ದಿನಾ ಗೊರಕೆ ಹೊಡೆಯುವವನೇ, ಮಲಗಿದ್ದಾನೆ ಅಂದುಕೊಂಡರು. ಅವರನ್ನು ಹೇಗೆ ಅನ್ನಲಿ? ಗಿಡ್ಡ ಮೂತಿಯ ನಾಯಿ ಸಾಕಿದವರೆಲ್ಲ ಆ ಸದ್ದಿಗೆ ಒಗ್ಗಿಹೋಗಿರುತ್ತಾರೆ. ಉಸಿರು ಸಿಗದೆ ಒದ್ದಾಡುವ ಸದ್ದೂ ದೂರದಿಂದ ಹಾಗೇ ಕೇಳುತ್ತದೆ.

ನಾಲ್ಕೂವರೆ ದಾಟಿದ ಮೇಲೆ ಮೊಮ್ಮಗ ಕಾಲೇಜಿನಿಂದ ಬಂದು ಬಾಗಿಲು ತೆಗೆದ. ಸ್ಲ್ಯಾಬ್ ದಿನವಿಡೀ ನುಂಗಿದ ಕಾವನ್ನು ಒಳಗೆ ಬಿಡುವ ಹೊತ್ತು ಅದು, ಮಧ್ಯಾಹ್ನ ಎರಡಕ್ಕಿಂತ ಸಂಜೆ ಐದಕ್ಕೆ ಮೇಲಿನ ಕೋಣೆ ಜಾಸ್ತಿ ಕಾದಿರುತ್ತದೆ. "ನೀರು ಕಾಸಿದ ಬಚ್ಚಲದಾಗ ಹೊಕ್ಕಂಗ ಆಯ್ತ್ರಿ ಸರ್" ಅಂತ ಆಮೇಲೆ ಹೇಳಿದ. ಗುಂಡ ಹಾಸಿಗೆ ಬಿಟ್ಟು ಟೈಲ್ಸ್ ಮೇಲೆ ನಾಲ್ಕೂ ಕಾಲು ಚಾಚಿ ಬಿದ್ದಿದ್ದ. ನಾಲಿಗೆ ಪೂರ್ತಿ ಹೊರಗೆ, ತುದಿ ಅಗಲ, ಬಣ್ಣ ನೇರಳೆಗೆ ತಿರುಗಿತ್ತು. ಬಾಯಿಂದ ದಾರದ ಹಾಗೆ ಅಂಟಂಟು ಜೊಲ್ಲು. ಪಕ್ಕದಲ್ಲಿ ಹಳದಿ ವಾಂತಿ. ಕರೆದಾಗ ಎದ್ದ, ಎರಡು ಹೆಜ್ಜೆ ವಾಲಾಡಿ ಬಿದ್ದ.

ಫೋನ್ ಬಂತು. "ಸರ್, ಗುಂಡ ಹ್ಯಾಂಗೋ ಮಾಡ್ಲಾಕತ್ತಾನ್ರಿ, ಬಾಯಾಗ ಬುರುಗು ಬರ್ಲಾಕತ್ತದ. ಈಗೇ ಕಾರ್ ತಗೊಂಡ್ ಬರ್ತೀವ್ರಿ."

ಬರಬೇಡ, ಮೊದಲು ಅಲ್ಲೇ ನೀರು ಹಾಕು ಅಂದೆ.

ಈ ಒಂದು ಮಾತನ್ನು ಎಲ್ಲರೂ ನೆನಪಿಡಬೇಕು ಅಂತ ನನ್ನ ಆಸೆ. ಹೀಟ್ ಸ್ಟ್ರೋಕ್‌ನಲ್ಲಿ ಅಂಗಾಂಗ ಹಾಳಾಗುವುದು ಮೈ ಎಷ್ಟು ಕಾದಿದೆ, ಎಷ್ಟು ಹೊತ್ತು ಕಾದಿದೆ ಎಂಬುದರ ಮೇಲೆ. ಡಾಕ್ಟರ್ ಹತ್ತಿರ ಇರುವ ಸಲೈನ್‌ಗಿಂತ ಮನೆಯಲ್ಲಿರುವ ಬಕೆಟ್ ನೀರು ಬೇಗ ಸಿಗುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಹೊರಡಿ.

ಫೋನಿನಲ್ಲೇ ಇದ್ದೆ, ಹಿಂದಿನ ಸದ್ದೆಲ್ಲ ಕೇಳುತ್ತಿತ್ತು. ಹುಡುಗ ಗುಂಡನನ್ನು ಎತ್ತಿಕೊಂಡು ಕೆಳಗಿನ ಅಂಗಳಕ್ಕೆ ತಂದು ನಳ ತಿರುಗಿಸಿದ. "ಸರ್, ನೀರು ಸುಡ್ಲಾಕತ್ತಾವ್ರಿ!" ನಮ್ಮೂರಿನ ಬೇಸಿಗೆಯಲ್ಲಿ ಇದೊಂದು ತಮಾಷೆ. ಮಾಳಿಗೆ ಮೇಲಿನ ಕರಿ ಪ್ಲಾಸ್ಟಿಕ್ ಟ್ಯಾಂಕಿನ ನೀರು ಸಂಜೆ ಹೊತ್ತಿಗೆ ಕೈ ಇಡಲಾಗದಷ್ಟು ಕಾದಿರುತ್ತದೆ. "ನಳದ ನೀರು ಬ್ಯಾಡ, ಸಂಪಿನಾಗಿಂದು ತಗೊ" ಅಂದೆ. ಸಂಪಿನ ಮುಚ್ಚಳ ಏಳಲಿಲ್ಲ. ಕೊನೆಗೆ ಅಜ್ಜಿಯೇ ಅಡುಗೆಮನೆಯ ರಂಜಣಿಗೆ, ಅಂದರೆ ಮಣ್ಣಿನ ದೊಡ್ಡ ಮಡಕೆ, ತೋರಿಸಿದರು, ಕುಡಿಯುವ ನೀರು, ತಂಪಾಗಿತ್ತು. ಚೊಂಬಿನಿಂದ ಅದನ್ನು ಹೊಟ್ಟೆ, ತೊಡೆಸಂದು, ಎದೆ, ಕುತ್ತಿಗೆಗೆ ಸುರಿದರು. ಅಂಗಳದ ಪರಸಿ ಕಾದಿತ್ತು, ಹಾಗಾಗಿ ಪಡಸಾಲೆಯ ಒಳಗಿನ ನೆರಳಿನ ಪರಸಿ ಮೇಲೆ ಮಲಗಿಸಿ ಟೇಬಲ್ ಫ್ಯಾನ್ ಹಚ್ಚಿಸಿದೆ.

ಮೂರು ಸಲ ಬೇಡ ಅನ್ನಬೇಕಾಯಿತು. ಹುಡುಗ ಒದ್ದೆ ಟವೆಲ್ ಹೊದಿಸಲು ಹೋದ. ಹೊದಿಸಿದ ಟವೆಲ್ ಸ್ವಲ್ಪ ಹೊತ್ತಿಗೆ ಮೈ ಕಾವಿಗೆ ಬೆಚ್ಚಗಾಗಿ ಒಳಗಿನ ಶಾಖವನ್ನು ಹಿಡಿದಿಡುತ್ತದೆ. ನೀರು ಸುರಿದು ಗಾಳಿ ಆಡಿಸಿದರೆ ಮಾತ್ರ ಆರುತ್ತದೆ. ಅಜ್ಜಿ ಉಳ್ಳಾಗಡ್ಡಿ (ಈರುಳ್ಳಿ) ಜಜ್ಜಿ ತಂದರು. ಬಿಸಿಲು ಬಡಿದವರಿಗೆ ನಮ್ಮ ಕಡೆ ಉಳ್ಳಾಗಡ್ಡಿ ರಸ ಅಂಗಾಲಿಗೆ ಹಚ್ಚುತ್ತಾರೆ, ತಿನ್ನಿಸುತ್ತಾರೆ. ನಾಯಿ, ಬೆಕ್ಕಿನ ಹೊಟ್ಟೆಗೆ ಉಳ್ಳಾಗಡ್ಡಿ ಹೋದರೆ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಆದ್ದರಿಂದ ಹಸಿಯದೂ ಬೇಡ, ಬೇಯಿಸಿದ್ದೂ ಬೇಡ. ಮೂರನೆಯದು ಪ್ಯಾರಾಸಿಟಮಾಲ್. ಮೈ ಸುಡುತ್ತಿದೆ, ಜ್ವರ ಅಲ್ವಾ ಅಂತ ಪಕ್ಕದ ಮನೆಯವರು ಮಾತ್ರೆ ತಂದಿದ್ದರು. ಇದು ಜ್ವರ ಅಲ್ಲ. ಜ್ವರದಲ್ಲಿ ಮಿದುಳೇ ಮೈಯ ಕಾವನ್ನು ಏರಿಸಿಟ್ಟಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಇಲ್ಲಿ ಮಿದುಳು ಇಳಿಸು ಇಳಿಸು ಅನ್ನುತ್ತಲೇ ಇದೆ, ಮೈಗೆ ಆಗುತ್ತಿಲ್ಲ, ಅಷ್ಟೇ. ಮಾತ್ರೆಯಿಂದ ಪ್ರಯೋಜನ ಇಲ್ಲ, ಲಿವರ್‌ಗೆ ಇನ್ನೊಂದು ಹೊರೆ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು.

ಬಾಯಿಗೆ ನೀರು ಹೊಯ್ಯುವುದನ್ನೂ ಬೇಡ ಅಂದೆ. ಮಂಪರಿನಲ್ಲಿರುವ ನಾಯಿಗೆ ಬಾಯಿ ತೆರೆದು ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ತಾನಾಗಿ ನೆಕ್ಕಿದರೆ ನೆಕ್ಕಲಿ.

ಐಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಐಸ್ ನೀರು ಮುಟ್ಟಿಸಲೇಬಾರದು ಎಂಬುದು ಹಳೆಯ ಪಾಠ. ಈಗಿನ ಸಲಹೆ ಅಷ್ಟು ಕಟ್ಟುನಿಟ್ಟಿಲ್ಲ. ಓಡಿ ಓಡಿ ಬಿದ್ದ ಎಳೆ ವಯಸ್ಸಿನ, ಗಟ್ಟಿಮುಟ್ಟಾದ ನಾಯಿಯನ್ನು ತಣ್ಣೀರಲ್ಲಿ ಕೂರಿಸಬಹುದು, ತಲೆ ಮಾತ್ರ ಮೇಲಿರಬೇಕು. ವಯಸ್ಸಾದ, ಕಾಯಿಲೆಯ, ಗಿಡ್ಡ ಮೂತಿಯ ನಾಯಿಗೆ ಸುರಿದು ಗಾಳಿ ಹಾಕುವುದೇ ಸರಿ. ಮೈಗಿಂತ ತಣ್ಣಗಿರುವ ಯಾವ ನೀರಾದರೂ ನಡೆದೀತು, ಐಸ್ ಹುಡುಕುತ್ತಾ ಅಂಗಡಿ ಅಂಗಡಿ ತಿರುಗಬೇಡಿ.

ಹತ್ತು ನಿಮಿಷ ಹೀಗೆ ಮಾಡಿಸಿ ಆಮೇಲೆ ಬನ್ನಿ ಅಂದೆ, ಕಾರಲ್ಲಿ ಬೇಡ, ಆಟೋದಲ್ಲಿ ಬನ್ನಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷಕ್ಕೆ ಹತ್ತು ಡಿಗ್ರಿ ಹತ್ತಿರ ಏರುತ್ತದೆ, ಕಿಟಕಿ ಒಂದಿಷ್ಟು ಇಳಿಸಿದ್ದರೂ ದೊಡ್ಡ ವ್ಯತ್ಯಾಸ ಇಲ್ಲ. ಏಸಿ ಹಾಕಿದರೂ ಅದು ತಣ್ಣಗಾಗುವ ಹೊತ್ತಿಗೆ ಕ್ಲಿನಿಕ್ ಬಂದಿರುತ್ತದೆ. ಆಟೋದಲ್ಲಿ ಎರಡೂ ಕಡೆ ಗಾಳಿ. ನೆನೆದ ನಾಯಿಗೆ ಅದೇ ಚಿಕಿತ್ಸೆ. ಹುಡುಗ ದಾರಿಯುದ್ದಕ್ಕೂ ಬಾಟಲಿಯಿಂದ ನೀರು ಚಿಮುಕಿಸುತ್ತಾ ಬಂದ, ಆಟೋದವರೂ ಸೀಟು ಒದ್ದೆ ಆಯ್ತು ಅಂತ ಒಂದು ಮಾತು ಅನ್ನಲಿಲ್ಲ.

ಟೇಬಲ್ ಮೇಲೆ ಹಾಕಿದಾಗ ಗುದದ ಉಷ್ಣಾಂಶ 106.2 ಫ್ಯಾರನ್‌ಹೀಟ್. ನಾಯಿಗೆ ಸಹಜವಾದದ್ದು 101ರಿಂದ 102.5. ಅಷ್ಟು ನೀರು ಸುರಿದ ಮೇಲೂ 106 ಅಂದರೆ ಕೋಣೆಯಲ್ಲಿ ಎಷ್ಟಿತ್ತೋ. ವಸಡು ಇಟ್ಟಿಗೆ ಕೆಂಪು. ನಾಡಿ ತೆಳ್ಳಗೆ, ಓಟ. ಆಕ್ಸಿಜನ್ ಕೊಟ್ಟೆವು, ಗಾಬರಿ ಇಳಿಸಲು ಸಣ್ಣ ಡೋಸ್ ಚುಚ್ಚಿದೆವು, ಯಾಕಂದ್ರೆ ಪಗ್ ಗಾಬರಿಯಾದಷ್ಟೂ ಗಂಟಲು ಮುಚ್ಚಿಕೊಳ್ಳುತ್ತದೆ. ಸಲೈನ್ ಹಚ್ಚಿ, ನೀರು, ಫ್ಯಾನ್ ಮುಂದುವರಿಸಿದೆವು. 103 ಕಂಡ ಕೂಡಲೇ ನೀರು ನಿಲ್ಲಿಸಿ ಮೈ ಒರೆಸಿದೆವು. ಇದು ಮುಖ್ಯ. ಅಲ್ಲಿಂದ ಕಾವು ತಾನೇ ಇಳಿಯುತ್ತದೆ. ಇನ್ನೂ ಸುರಿಯುತ್ತಾ ಹೋದರೆ ಅಗತ್ಯಕ್ಕಿಂತ ಕೆಳಗೆ ಹೋಗಿ ನಡುಗಲು ಶುರುವಾಗುತ್ತದೆ, ಅದು ಬೇರೆ ಕಷ್ಟ. ರಕ್ತದ ಸಕ್ಕರೆ ಇಳಿದಿತ್ತು, ಡೆಕ್ಸ್‌ಟ್ರೋಸ್ ಕೊಟ್ಟೆವು.

ರಾತ್ರಿ ಎಂಟಕ್ಕೆ ಗುಂಡ ತಲೆ ಎತ್ತಿ ಹುಡುಗನ ಕೈ ನೆಕ್ಕಿದ. ಮನೆಯವರು ಮದುವೆ ಬಟ್ಟೆಯಲ್ಲೇ ಬಂದಿದ್ದರು, ಆರಾಮಾದ ಅಲ್ವಾ, ಕರೆದುಕೊಂಡು ಹೋಗ್ತೀವಿ ಅಂದರು. ನಾನು ಬಿಡಲಿಲ್ಲ. ಮೈ ಕಾವು ಇಳಿದರೆ ಹೀಟ್ ಸ್ಟ್ರೋಕ್ ಮುಗಿಯಿತು ಅಂತಲ್ಲ. ಬೆಂದ ಕರುಳಿನ ಒಳಪದರ ಕಿತ್ತು ಬರುತ್ತದೆ, ಕಿಡ್ನಿ ಸೋಲುತ್ತದೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಡುತ್ತದೆ. ಇವೆಲ್ಲ ಕಾಣಿಸಿಕೊಳ್ಳುವುದು ಒಂದರಿಂದ ಮೂರು ದಿನದಲ್ಲಿ. ಆಟವಾಡುತ್ತಾ ಮನೆಗೆ ಹೋದ ನಾಯಿ ಮರುದಿನ ರಕ್ತ ಭೇದಿಯಲ್ಲಿ ಬರುತ್ತದೆ.

ಹಾಗೇ ಆಯಿತು. ಬೆಳಗಿನ ಜಾವ ರಕ್ತ ಬೆರೆತ ಭೇದಿ. ಹೊಟ್ಟೆಯ ಚರ್ಮದ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆಗಳು. ಪ್ಲೇಟ್‌ಲೆಟ್ 68 ಸಾವಿರ, ನಾಯಿಗೆ ಎರಡು ಲಕ್ಷಕ್ಕೆ ಮೇಲೆ ಇರಬೇಕು. ಇಲ್ಲಿ ಒಂದು ಅನುಮಾನ ಬಂತು. ಬೇಸಿಗೆಯಲ್ಲಿ ನಮ್ಮಲ್ಲಿ ಉಣ್ಣೆ ಜ್ವರ (ರಕ್ತ ಹೀರುವ ಉಣ್ಣೆ ಹುಳ ಕಚ್ಚಿ ಬರುವ ಟಿಕ್ ಫೀವರ್) ಜಾಸ್ತಿ, ಅದರಲ್ಲೂ ಮೈ ಸುಡುತ್ತದೆ, ಅದರಲ್ಲೂ ಪ್ಲೇಟ್‌ಲೆಟ್ ಬೀಳುತ್ತದೆ. ಅದೂ ಇದ್ದರೆ ಚಿಕಿತ್ಸೆ ಬೇರೆ. ಕಿವಿ, ಬೆರಳ ಸಂದಿ ಹುಡುಕಿದೆವು, ಉಣ್ಣೆ ಇರಲಿಲ್ಲ, ಪರೀಕ್ಷೆಯೂ ನೆಗೆಟಿವ್ ಬಂತು. ಹಿಂದಿನ ದಿನದವರೆಗೂ ಚೆನ್ನಾಗಿ ತಿಂದಿದ್ದ. ಹಾಗಾಗಿ ಕಾವಿನದೇ ಪೆಟ್ಟು ಅಂತ ಇಟ್ಟುಕೊಂಡು ಸಲೈನ್, ವಾಂತಿ ನಿಲ್ಲುವ ಇಂಜೆಕ್ಷನ್, ಕರುಳಿಗೆ ಔಷಧಿ ಮುಂದುವರಿಸಿದೆವು. ಮೂತ್ರ ಎಷ್ಟು ಬರುತ್ತದೆ ಅಂತ ಅಳೆಯುತ್ತಾ ಕೂತೆವು. ಮೂತ್ರ ಬರುತ್ತಲೇ ಇತ್ತು, ಅದೇ ಅವನ ಅದೃಷ್ಟ. ಮೂರನೇ ದಿನ ಪ್ಲೇಟ್‌ಲೆಟ್ ಏರತೊಡಗಿತು, ಭೇದಿ ನಿಂತಿತು, ಮೊಸರನ್ನ ಮೂಸಿ ನೋಡಿ ಒಂದು ತುತ್ತು ತಿಂದ. ಅವತ್ತು ಸಂಜೆ, ಬಿಸಿಲು ಇಳಿದ ಮೇಲೆ, ಮನೆಗೆ ಕಳಿಸಿದೆ.

ಆಮೇಲೆ ಒಂದು ದಿನ ಅವರ ಮನೆಗೆ ಹೋಗಿ ನೋಡಿದೆ. ಯಜಮಾನರು ಒಂದು ಮಾತು ಕೇಳಿದರು: "ಈ ಬಿಸಿಲು ಏನ್ ಹೊಸಾದೇನ್ರಿ? ನಮ್ಮಪ್ಪನ ಕಾಲಕ್ಕೂ ನಾಯಿ ಇದ್ವು, ಏನೂ ಆಗ್ಲಿಲ್ಲ." ಬಿಸಿಲು ಹೊಸದಲ್ಲ ನಿಜ. ರಾಯಚೂರಿನಲ್ಲಿ 1928ರ ಮೇ ತಿಂಗಳಲ್ಲೇ 45.6 ಡಿಗ್ರಿ ದಾಖಲಾಗಿದೆ. ಆದರೆ ಅವರ ಅಪ್ಪನ ಕಾಲದ ನಾಯಿ ಉದ್ದ ಮೂತಿಯ ಬೀದಿ ತಳಿಯದು. ಬಾಗಿಲು ತೆರೆದೇ ಇರುತ್ತಿತ್ತು, ಸೆಕೆಯಾದರೆ ತಾನೇ ಎದ್ದು ಹೋಗಿ ಬೇವಿನ ಮರದ ಕೆಳಗೆ ಮಣ್ಣು ಕೆದರಿ, ಹಸಿ ನೆಲ ಸಿಗುವವರೆಗೂ ತೋಡಿ ಮಲಗುತ್ತಿತ್ತು. ಗುಂಡನಿಗೆ ಮೂತಿಯೂ ಇಲ್ಲ, ಎದ್ದು ಹೋಗಲು ದಾರಿಯೂ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮೂಲ ಆ ಮುಚ್ಚಿದ ಬಾಗಿಲು. ಪ್ರಾಣಿಗೆ ಎಲ್ಲಿ ತಂಪಿದೆ ಅಂತ ನಮಗಿಂತ ಚೆನ್ನಾಗಿ ಗೊತ್ತಾಗುತ್ತದೆ, ಅಲ್ಲಿಗೆ ಹೋಗಲು ಬಿಟ್ಟರೆ ಅರ್ಧ ಅಪಾಯ ತಪ್ಪುತ್ತದೆ.

ಬದಲಾವಣೆಗೆ ದೊಡ್ಡ ಖರ್ಚೇನೂ ಆಗಲಿಲ್ಲ. ಗುಂಡನ ವಾಸ ಕೆಳಗಿನ ಪಡಸಾಲೆಗೆ ಬಂತು. ಅಲ್ಲಿಯ ಪರಸಿ ಮಧ್ಯಾಹ್ನವೂ ತಣ್ಣಗಿರುತ್ತದೆ, ಹೊಟ್ಟೆ ಹಚ್ಚಿ ಮಲಗುತ್ತಾನೆ. ಫೋಮ್ ಹಾಸಿಗೆ ಚಳಿಗಾಲದವರೆಗೆ ಅಟ್ಟಕ್ಕೆ. ಕೂಲರ್ ಅನ್ನು ತೆರೆದ ಕಿಟಕಿಗೆ ಬೆನ್ನು ಮಾಡಿ ಇಟ್ಟು, ಇನ್ನೊಂದು ಕಿಟಕಿ ಒಂದು ಗೇಣು ತೆರೆದಿಡುವುದು ರೂಢಿಯಾಯಿತು. ಒಂದು ಟೇಬಲ್ ಫ್ಯಾನ್ ಇನ್ವರ್ಟರ್ ಮೇಲೆ ಬಂತು. ಸ್ಟೀಲ್ ಬಟ್ಟಲಿನ ಬದಲು ಎರಡು ಮಣ್ಣಿನ ಅಗಲ ಪಾತ್ರೆ, ಒಂದು ಉರುಳಿದರೂ ಇನ್ನೊಂದು ಇರಲಿ ಅಂತ. ಮೇಲಿನ ಸ್ಲ್ಯಾಬ್‌ಗೆ ಸುಣ್ಣ ಹೊಡೆಸಿದರು, ಅದು ಮನುಷ್ಯರಿಗೂ ಲಾಭ. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್, ಅದರ ಮೇಲೆ ಹುಡುಗ ಸ್ಕೆಚ್ ಪೆನ್ನಿನಲ್ಲಿ "ಗುಂಡನದು" ಅಂತ ಬರೆದಿದ್ದಾನೆ. ಒಳ್ಳೆಯದೇ ಮಾಡಿದ.

ವಾಕಿಂಗ್ ಮೊದಲು ಸಂಜೆ ಆರಕ್ಕಿತ್ತು, ಅದನ್ನು ಬೆಳಗ್ಗೆ ಐದೂವರೆಗೆ ತಂದೆವು. ಸಂಜೆ ಆರಕ್ಕೆ ಗಾಳಿ ಇಳಿದ ಹಾಗೆ ಅನ್ನಿಸುತ್ತದೆ, ಡಾಂಬರು ಮಾತ್ರ ಕಾದೇ ಇರುತ್ತದೆ. ಅಂಗೈ ಬೇಡ, ಹಿಂಗೈ ರಸ್ತೆಗೆ ಒತ್ತಿ ಏಳು ಎಣಿಸಿ, ಆಗದಿದ್ದರೆ ನಾಯಿಗೂ ಆಗದು. ಪಗ್ ಮೂಗು ನೆಲದಿಂದ ಒಂದು ಗೇಣು ಎತ್ತರದಲ್ಲಿರುತ್ತದೆ, ನೆಲದ ಕಾವನ್ನೆಲ್ಲ ಅದೇ ಉಸಿರಾಡುತ್ತದೆ. ಕುತ್ತಿಗೆ ಪಟ್ಟಿ ತೆಗೆಸಿ ಎದೆಗೆ ಹಾಕುವ ಹಾರ್ನೆಸ್ ಹಾಕಿಸಿದೆ. ಚಪಾತಿ ಬಂದ್. ಇದಕ್ಕೆ ಮಾತ್ರ ಅಜ್ಜಿಯ ಒಪ್ಪಿಗೆ ಸಿಗಲು ಬಹಳ ದಿನ ಬೇಕಾಯಿತು.

ಅದೇ ಓಣಿಯಲ್ಲಿ ಒಂದು ಪೊಮೇರಿಯನ್‌ಗೆ ಸೆಕೆ ಅಂತ ಚರ್ಮ ಕಾಣುವ ಹಾಗೆ ಕೂದಲು ಬೋಳಿಸಿದ್ದರು. ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಚರ್ಮ ನೇರ ಸುಡುತ್ತದೆ, ಕೆಲವೊಮ್ಮೆ ಕೂದಲು ಮತ್ತೆ ಸರಿಯಾಗಿ ಬರುವುದೂ ಇಲ್ಲ. ದಿನಾ ಬಾಚಿ ಉದುರುವ ಒಳಕೂದಲು ತೆಗೆಯಿರಿ, ಅಷ್ಟು ಸಾಕು. ಇನ್ನೊಂದು ಮನೆಯಲ್ಲಿ ಜರ್ಮನ್ ಶೆಫರ್ಡ್ ಅನ್ನು ಮಾಳಿಗೆ ಮೇಲೆ ತಗಡಿನ ಕೆಳಗೆ ಗಿಡ್ಡ ಸರಪಳಿಯಲ್ಲಿ ಕಟ್ಟಿದ್ದರು. ಬೆಳಗ್ಗೆ ನೆರಳಿದ್ದ ಜಾಗಕ್ಕೆ ಮಧ್ಯಾಹ್ನ ಬಿಸಿಲು, ಅದಕ್ಕೆ ಸರಿಯಲೂ ಆಗದು. ಇದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲದ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಹೆದರುವವರು ಯಾರು! ಓಣಿಯ ಹುಡುಗರು ಹೋಗಿ ಮಾತಾಡಿ ನಾಯಿಯನ್ನು ಕೆಳಗೆ ಇಳಿಸಿದರು.

ಬೆಕ್ಕು ಸಾಕಿದವರಿಗೆ ಒಂದು ಮಾತು. ನಾಯಿ ತೇಕುವುದು ಸಹಜ, ಬೆಕ್ಕು ಬಾಯಿ ತೆರೆದು ತೇಕಿದರೆ ಕಾಯಬೇಡಿ, ಪರ್ಷಿಯನ್ ಆದರಂತೂ ಕೂಡಲೇ ಹೊರಡಿ. ಆಕಳು, ಎಮ್ಮೆ ಬಿದ್ದರೆ ಸರ್ಕಾರದ ಪಶು ಆಂಬುಲೆನ್ಸ್‌ಗೆ 1962 ಇದೆ. ಅದು ಬರುವವರೆಗೂ ಕೆಲಸ ಇದೇ, ನೆರಳು, ನೀರು, ಗಾಳಿ.

ಗುಂಡ ಈಗ ಹತ್ತು ಕೆಜಿಗೆ ಬಂದಿದ್ದಾನೆ. ಕಿಡ್ನಿ, ಲಿವರ್ ಪರೀಕ್ಷೆ ಸರಿಯಾಗಿದೆ. ಒಮ್ಮೆ ಹೀಟ್ ಸ್ಟ್ರೋಕ್ ಆದ ನಾಯಿಗೆ ಮತ್ತೆ ಆಗುವ ಭಯ ಇದ್ದೇ ಇರುತ್ತದೆ, ಇವನ ಹೊಳ್ಳೆ ಬೇರೆ ತೀರಾ ಕಿರಿದು. ಅದನ್ನು ಅಗಲ ಮಾಡುವ, ಅಂಗುಳ ಕತ್ತರಿಸಿ ಸರಿಪಡಿಸುವ ಆಪರೇಷನ್ ಇದೆ. ಬೀದರ್‌ನ ವೆಟರಿನರಿ ಕಾಲೇಜಿನಲ್ಲಿ ಒಮ್ಮೆ ತೋರಿಸಿ ಬನ್ನಿ ಅಂತ ಚೀಟಿ ಬರೆದುಕೊಟ್ಟಿದ್ದೇನೆ. ದೀಪಾವಳಿ ಆದ ಮೇಲೆ ಹೋಗ್ತೀವಿ ಅಂದಿದ್ದಾರೆ.